ಟ್ರೇಲರಿನ ಹೊರೆ: ಮುಂಭಾರವೆಷ್ಟು, ಹಿಂಭಾರವೆಷ್ಟು?

ಎತ್ತಿನ ಗಾಡಿ ಹೂಡಿ ಬಲ್ಲ ರೈತರಿಗೆ ಮುಂಭಾರ, ಹಿಂಭಾರಗಳನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಹಗ್ಗ ಬಿಗಿಯುತ್ತದೆ. ಎರಡು ಚಕ್ರದ ಟ್ರೇಲರಿಗೂ ಇದೇ ನಿಯಮ. ಆದರೆ ಟ್ರ್ಯಾಕ್ಟರು ಎತ್ತಿನಂತೆ ನಿಂತು ತಿಳಿಸುವುದಿಲ್ಲ.

ಒಂದು ಲೆಕ್ಕ ನೋಡೋಣ. ಕೊಂಡಿಯಿಂದ ಟ್ರೇಲರಿನ ಅಚ್ಚಿಗೆ 2.5 ಮೀಟರ್ ಅಂತರ, ಹೊರೆ 3,000 ಕಿ.ಗ್ರಾಂ. ಎನ್ನಿ. ಹೊರೆಯ ತೂಕದ ಮಧ್ಯಬಿಂದು ಅಚ್ಚಿಗಿಂತ 25 ಸೆಂ.ಮೀ. ಮುಂದಿದ್ದರೆ ಕೊಂಡಿಯ ಮೇಲೆ 300 ಕಿ.ಗ್ರಾಂ. ಭಾರ ಬಿದ್ದು, ಟ್ರ್ಯಾಕ್ಟರಿನ ಹಿಂಚಕ್ರಗಳ ಹಿಡಿತ ಹೆಚ್ಚುತ್ತದೆ. ಅಷ್ಟೇ ಹಿಂದಿದ್ದರೆ ಅದೇ 300 ಕಿ.ಗ್ರಾಂ. ಕೊಂಡಿಯನ್ನು ಮೇಲೆತ್ತುತ್ತದೆ, ಚಕ್ರಗಳು ಜಾರತೊಡಗುತ್ತವೆ, ಬ್ರೇಕ್ ಸರಿಯಾಗಿ ಹಿಡಿಯದು. ಕಬ್ಬಿನ ಜಲ್ಲೆಗಳನ್ನು ಹಿಂದಕ್ಕೆ ಚಾಚಿ ತುಂಬಿದಾಗ ಆಗುವುದು ಇದೇ.

ಹಾಗೆಂದು ಮುಂದಕ್ಕೇ ಒಟ್ಟಬಾರದು. ಟ್ರ್ಯಾಕ್ಟರಿನ ಮುಂದಿನ, ಹಿಂದಿನ ಅಚ್ಚುಗಳ ಅಂತರ 1.8 ಮೀಟರ್ ಇದ್ದು, ಕೊಂಡಿ ಹಿಂದಿನ ಅಚ್ಚಿಗಿಂತ 60 ಸೆಂ.ಮೀ. ಹಿಂದಿದ್ದರೆ, ಆ 300 ಕಿ.ಗ್ರಾಂ. ಭಾರಕ್ಕೆ ಮುಂಚಕ್ರಗಳ ಮೇಲೆ 100 ಕಿ.ಗ್ರಾಂ. ಕಡಿಮೆಯಾಗುತ್ತದೆ. ಏರಿನಲ್ಲಿ ಇನ್ನೂ ಹೆಚ್ಚು. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಮುಂಚಕ್ರಗಳ ಮೇಲೆ ಉಳಿಯಬೇಕು. ಇಲ್ಲವಾದರೆ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದು.

ಎಲ್ಲಕ್ಕಿಂತ ಅಪಾಯದ್ದು, ನನ್ನ ಅಭಿಪ್ರಾಯದಲ್ಲಿ, ಎತ್ತರದ ಕೊಂಡಿ. ಹಿಂದಿನ ಅಚ್ಚಿಗಿಂತ ಮೇಲೆ ಜೋಡಿಸಿ ಎಳೆದರೆ ಟ್ರ್ಯಾಕ್ಟರು ಮುಂಭಾಗವೆತ್ತಿ ಹಿಂದಕ್ಕೆ ಮಗುಚಬಹುದು. ಚಾಲಕನಿಗೆ ಜಿಗಿಯಲೂ ಸಮಯ ಸಿಗದು. ತಯಾರಕರು ಟ್ರೇಲರಿಗೆಂದು ಕೊಟ್ಟ ಕೊಂಡಿಯನ್ನೇ ಬಳಸಿರಿ. ರಸ್ತೆಗಿಳಿಯುವ ಮೊದಲು ಎಡ, ಬಲ ಬ್ರೇಕ್ ಪೆಡಲುಗಳನ್ನು ಜೋಡಿಸಿರಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ. ಹತ್ತಿದ ಗೇರಿನಲ್ಲೇ ಇಳಿಯಿರಿ.