ಕತ್ತರಿಯಿಂದ ಮೂಡುವ ಮರ

ಬೈರಾಪಟ್ಟಣದ ಸುತ್ತಣ ಹೊಲಗಳಲ್ಲಿ ಹಿಪ್ಪುನೇರಳೆಯ ತೋಟವನ್ನು ನೋಡದ ವಿದ್ಯಾರ್ಥಿಯಿಲ್ಲ. ರೇಷ್ಮೆಹುಳುವಿಗೆ ಸೊಪ್ಪು ಒದಗಿಸಿದ ಗಿಡದ ಕಡ್ಡಿಗಳನ್ನು ರೈತನು ಬುಡದ ಸಮೀಪಕ್ಕೆ ಕೊಯ್ದುಬಿಡುತ್ತಾನೆ. ಅರಿಯದವರಿಗೆ ಗಿಡ ಸತ್ತೇಹೋಯಿತೆನ್ನಿಸುತ್ತದೆ. ಆದರೆ ಕೆಲವೇ ವಾರಗಳಲ್ಲಿ, ಒಂದು ಕಡ್ಡಿಯಿದ್ದ ಕಡೆ ಹಲವು ಚಿಗುರುಗಳು ಏಳುತ್ತವೆ. ಹಾಗೆಯೇ ಬೆಳೆಯಲು ಬಿಟ್ಟರೆ ಹಿಪ್ಪುನೇರಳೆ ಮರವಾಗುತ್ತದೆ. ಕೊಯ್ಯುತ್ತ ಬಂದರೆ ಪೊದೆಯಾಗಿ ನಿಲ್ಲುತ್ತದೆ. ಇದೇ ತತ್ತ್ವವನ್ನು ಒಂದು ಗೇಣು ಅಗಲದ ಕುಂಡದಲ್ಲಿ ಜಾಣ್ಮೆಯಿಂದ ಅನ್ವಯಿಸಿದರೆ ದೊರೆಯುವುದು ಕುಬ್ಜವೃಕ್ಷ, ಅಂದರೆ ಬೊನ್ಸಾಯ್. ಜಪಾನೀ ಭಾಷೆಯಲ್ಲಿ ಈ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ.

ಆಲ, ಅರಳಿಗಳನ್ನು ಕುಬ್ಜವಾಗಿಸಲು ಬಹು ವರ್ಷಗಳ ತಾಳ್ಮೆ ಬೇಕು. ಹೊಸಬರಿಗೆ ರಸಭರಿತ ಸಸ್ಯವೇ ಮೇಲು. ನಮ್ಮ ನರ್ಸರಿಗಳಲ್ಲಿ ಜೇಡ್ ಎಂಬ ಹೆಸರಿನಿಂದ ಮಾರಾಟವಾಗುವ, ಸಣ್ಣ ದುಂಡೆಲೆಯ ಗಿಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಶಾಸ್ತ್ರೀಯ ನಾಮ ಪೋರ್ಚುಲಕೇರಿಯ ಆಫ್ರ. ತೌರು ದಕ್ಷಿಣ ಆಫ್ರಿಕ. ಅಲ್ಲಿ ಇದು ಆನೆಗಳ ಮೆಚ್ಚಿನ ಮೇವು. ಆನೆ ಮೇಲಿನಿಂದ ಕೊಂಬೆಗಳನ್ನು ಮುರಿದು ತಿನ್ನುತ್ತದೆ. ಕೆಳಗೆ ಬಿದ್ದ ತುಂಡುಗಳು ನೆಲದಲ್ಲಿ ಬೇರೂರಿ ಹೊಸ ಗಿಡಗಳಾಗುತ್ತವೆ. ಬುಡದಿಂದ ಮೇಯುವ ಆಡುಗಳಾದರೋ ಇಡೀ ಪೊದೆಯನ್ನೇ ಹಾಳುಗೆಡವುತ್ತವೆ. ಮುರಿತವನ್ನು ಸಹಿಸುವುದು ಈ ಗಿಡದ ಹುಟ್ಟುಗುಣ. ನಮ್ಮ ಕತ್ತರಿ ಇಲ್ಲಿ ಆನೆಯ ಸೊಂಡಿಲಿನ ಕೆಲಸವನ್ನು ಮಾಡುತ್ತದೆಯಷ್ಟೆ.

ತುದಿಯ ದೊರೆತನ

ಕುಡಿಯನ್ನು ಕತ್ತರಿಸಿದರೆ ಪಕ್ಕದಲ್ಲಿ ಚಿಗುರೊಡೆಯುವುದೇಕೆ? ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಮೊಗ್ಗು ನಿದ್ರಿಸುತ್ತಿರುತ್ತದೆ. ಬೆಳೆಯುವ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಗೆ ಹರಿಯುತ್ತದೆ. ಈ ಹರಿವು ಇರುವವರೆಗೆ ಪಕ್ಕದ ಮೊಗ್ಗುಗಳು ಏಳುವುದಿಲ್ಲ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಒಂದು ಗಿಡದ ತುದಿಯನ್ನು ಕತ್ತರಿಸಿ, ಗಾಯದ ಮೇಲೆ ಈ ವಸ್ತುವನ್ನಿಟ್ಟರು. ತುದಿಯಿಲ್ಲದಿದ್ದರೂ ಪಕ್ಕದ ಮೊಗ್ಗುಗಳು ಸುಮ್ಮನೆಯೇ ಇದ್ದುವು! ತುದಿಯನ್ನು ಕಳೆದೊಡನೆ, ಅದಕ್ಕೆ ಸಲ್ಲುತ್ತಿದ್ದ ಸಕ್ಕರೆಯೂ ಪಕ್ಕದ ಮೊಗ್ಗುಗಳಿಗೆ ಒದಗಿ ಅವುಗಳನ್ನು ಎಬ್ಬಿಸುವುದೆಂದು ಈಚಿನ ಸಂಶೋಧನೆಗಳು ತೋರಿಸಿವೆ.

ಜೇಡ್ ಗಿಡದಲ್ಲಿ ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುತ್ತವೆ. ಆದ್ದರಿಂದ ಗೆಣ್ಣಿನ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಚಿಗುರುಗಳು ಕವಲಾಗಿ ಬರುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತ ಹೋದಂತೆ ಪುಟ್ಟ ಗಿಡಕ್ಕೆ ಹಳೆಯ ಮರದ ಗಾಂಭೀರ್ಯ ಬರುತ್ತದೆ. ಚೀನದ ಲಿಂಗ್ನಾನ್ ಪಂಥದ ಕುಶಲಿಗಳು ಬೆಳೆಸಿ ಕತ್ತರಿಸುವ ಈ ಕ್ರಮದಿಂದಲೇ ಮರಗಳನ್ನು ರೂಪಿಸುತ್ತಾರೆ. ರಸಭರಿತ ಕಾಂಡ ಮೃದುವಾದದ್ದು. ತಂತಿ ಬಿಗಿದರೆ ಬೇಗನೆ ಗಾಯವಾಗುತ್ತದೆ. ಆದ್ದರಿಂದ ನಮಗೂ ಇದೇ ಕ್ರಮ ಲೇಸು.

ಕೆಲಸದ ಕ್ರಮ

ಬೆರಳು ದಪ್ಪದ, ಒಂದು ಗೇಣುದ್ದದ ಕಡ್ಡಿಯನ್ನು ಕತ್ತರಿಸಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಗಾಯದ ಮೇಲೆ ಒಣಪೊರೆ ಕಟ್ಟಿದ ಬಳಿಕ, ತೂತುಳ್ಳ ಕುಂಡದಲ್ಲಿ ನೆಡಬೇಕು. ದಪ್ಪ ಮರಳು ಮತ್ತು ಇಟ್ಟಿಗೆಯ ಚೂರು ಸೇರಿ ಎರಡು ಪಾಲು, ಕೆಮ್ಮಣ್ಣು ಮತ್ತು ಕಳಿತ ಗೊಬ್ಬರ ಸೇರಿ ಒಂದು ಪಾಲು ಇದ್ದರೆ ನೀರು ನಿಲ್ಲುವುದಿಲ್ಲ.

ಬೇರೂರಿದೊಡನೆ ಕತ್ತರಿ ಹಿಡಿಯುವುದು ತಪ್ಪು. ಕಾಂಡ ದಪ್ಪವಾಗುವುದು ಎಲೆಗಳು ತಯಾರಿಸಿದ ಆಹಾರದಿಂದ. ಎಲೆಯನ್ನೆಲ್ಲ ಸವರಿದರೆ ಕಾಂಡ ಕಡ್ಡಿಯಾಗಿಯೇ ಉಳಿಯುತ್ತದೆ. ಬುಡ ದಪ್ಪವಾಗುವವರೆಗೆ ಗಿಡವನ್ನು ಸ್ವೇಚ್ಛೆಯಾಗಿ ಬೆಳೆಯಗೊಟ್ಟು, ಆಮೇಲೆ ರೂಪಿಸಬೇಕು. ಮೊದಲು ಒಳಕ್ಕೆ ತಿರುಗಿದ, ಒಂದನ್ನೊಂದು ದಾಟುವ ರೆಂಬೆಗಳನ್ನು ತೆಗೆಯುವುದು. ಅನಂತರ, ಚಿಗುರಿನಲ್ಲಿ ಐದಾರು ಜೊತೆ ಎಲೆಗಳಾದಾಗ ಎರಡು ಜೊತೆ ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು. ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಮೋಟು ಬಿಡಬೇಕು. ಅದು ತಾನೇ ಒಣಗಿ ಉದುರುತ್ತದೆ.

ನಾವು ಮೊದಲು ಬೆಳೆಸಿದ ಗಿಡ ಕತ್ತರಿಯಿಂದ ಸಾಯಲಿಲ್ಲ. ನಮ್ಮ ಪ್ರೀತಿಯಿಂದ ಸತ್ತಿತು. ಕೊಂಬೆಗಳನ್ನು ಕತ್ತರಿಸಿದ ಮರುಕದಿಂದ ದಿನವೂ ನೀರೆರೆದೆವು. ಎಲೆಗಳು ಕಡಮೆಯಾದ ಗಿಡ ನೀರನ್ನು ಅಷ್ಟಾಗಿ ಹೀರಲಾರದೆಂಬುದು ನಮಗೆ ಹೊಳೆಯಲಿಲ್ಲ. ಹದಿನೈದು ದಿನಗಳಲ್ಲಿ ಬುಡ ಕೊಳೆತು ಮೆತ್ತಗಾಯಿತು. ಕತ್ತರಿಸಿದ ಬಳಿಕ ಒಂದು ವಾರ ನೀರು ಬೇಡ. ಮುಂದೆಯೂ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ನೀರು.

ಹಗಲಿನ ಎಲೆ, ಇರುಳಿನ ಎಲೆ

ಇಷ್ಟು ಕಡಮೆ ನೀರಿನಲ್ಲಿ ಗಿಡ ಬದುಕುವುದು ಹೇಗೆ? ನೀರು ಧಾರಾಳವಾಗಿದ್ದರೆ ಜೇಡ್ ಗಿಡ ಇತರ ಸಸ್ಯಗಳಂತೆ ಹಗಲಿನಲ್ಲಿಯೇ ಇಂಗಾಲದ ಡೈಆಕ್ಸೈಡನ್ನು ಒಳಗೊಳ್ಳುತ್ತದೆ. ಬರ ಬಂದಾಗ ಕ್ರಮವನ್ನು ಬದಲಿಸುತ್ತದೆ. ತಂಪಾದ ಇರುಳಿನಲ್ಲಿ ಪತ್ರರಂಧ್ರಗಳನ್ನು ತೆರೆದು, ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಅದನ್ನು ಬಳಸುತ್ತದೆ. ಇಂಥ ಆಮ್ಲದ ಏರಿಳಿತವನ್ನು ಕಾಡುಬಸಳೆಯ ಎಲೆಯಲ್ಲಿ ರುಚಿಯಿಂದಲೇ ಗುರುತಿಸಿದವನು, ಹಿಂದೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನ್. ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬ ಅವನ ವರದಿ 1815ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾಯಿತು.

ಒಂದು ಎಚ್ಚರಿಕೆ ಅಗತ್ಯ. ರಾಮನಗರದ ಬಂಡೆಗಳ ಸಂದಿಯಲ್ಲಿ ಗಾಳಿ ಬಿಸಿಲುಗಳೇ ಕುಬ್ಜವಾಗಿಸಿದ ಕಳ್ಳಿಗಳೂ ಗಿಡಗಳೂ ಕಣ್ಸೆಳೆಯುತ್ತವೆ. ಅವನ್ನು ಕೀಳಬಾರದು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ; ಅಲ್ಲಿಯ ಸಸ್ಯಗಳಿಗೂ ರಕ್ಷಣೆಯಿದೆ. ಮೇಲಾಗಿ ಕಳ್ಳಿಯ ಹಾಲು ಕಣ್ಣಿಗೆ ಅಪಾಯಕರ. ನೆರೆಮನೆಯ ಜೇಡ್ ಗಿಡದ ಒಂದು ಕಡ್ಡಿ ನಮ್ಮ ಕೆಲಸಕ್ಕೆ ಧಾರಾಳವಾಯಿತು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಗಿಡಗಳನ್ನು ಒಂದೇ ಬಿಸಿಲಿನಲ್ಲಿಟ್ಟು, ಒಂದರ ಕುಡಿಯನ್ನು ಮಾತ್ರ ಕತ್ತರಿಸಿ, ವಾರಕ್ಕೊಮ್ಮೆ ಎರಡರ ಚಿಗುರುಗಳನ್ನೂ ಎಣಿಸಿ ಬರೆದಿಡಿರಿ. ಎರಡು ತಿಂಗಳಲ್ಲಿ ಆ ಪುಟ ಆಕ್ಸಿನ್ನಿನ ಕಥೆಯನ್ನು ತಾನೇ ಹೇಳುವುದು. ಮುಂದೆ ಹಿಪ್ಪುನೇರಳೆಯ ತೋಟದ ಬದಿಯಲ್ಲಿ ನಡೆಯುವಾಗ, ರೈತನ ಕುಡುಗೋಲಿನ ಹಿಂದಿರುವ ಶಾಸ್ತ್ರವೂ ನಿಮ್ಮ ಕಣ್ಣಿಗೆ ಕಾಣುವುದು.