ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಡ್ಯಾಮ್ಸೆಲ್ ಮೀನು

ಕಡಲಿನಿಂದ ನೂರಾರು ಕಿಲೋಮೀಟರ್ ದೂರದ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಸರ್ಜಾಪುರದಲ್ಲೂ ಕಡಲ ಮೀನನ್ನು ಮನೆಯಲ್ಲಿ ಸಾಕಬಹುದು. ಹೊಸಬರಿಗೆ ತಕ್ಕದ್ದು ಡ್ಯಾಮ್ಸೆಲ್ ಮೀನು. ಗಟ್ಟಿ ಮೀನೆಂಬ ಕಾರಣದಿಂದ ಇದನ್ನು ಹೊಸ ತೊಟ್ಟಿಗೆ ಮೊದಲ ದಿನವೇ ಬಿಡುವವರುಂಟು. ಈ ಆತುರದಿಂದ ಮೀನೂ ಸಾಯುತ್ತದೆ, ಹಣವೂ ಹೋಗುತ್ತದೆ. ತೊಟ್ಟಿಯನ್ನು ಮೊದಲು ಹದಗೊಳಿಸಿ, ಅನಂತರ ಮೀನು ಬಿಡಬೇಕು.

ಮೀನಿನ ಆಯ್ಕೆ

ಬಿಳಿ ಮೈಮೇಲೆ ಮೂರು ಕಪ್ಪು ಪಟ್ಟೆಗಳಿರುವ ಡ್ಯಾಮ್ಸೆಲ್ 8ರಿಂದ 10 ಸೆಂ.ಮೀ. ಬೆಳೆಯುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಆದ್ದರಿಂದ ಕಡಲಿನಲ್ಲಿ ಹಿಡಿದ ಮೀನಿಗಿಂತ ಮರಿಕೇಂದ್ರದಲ್ಲಿ ಬೆಳೆದ ಮೀನನ್ನೇ ಕೇಳಿ ಪಡೆಯಿರಿ. ಇದು ತನ್ನ ಜಾಗಕ್ಕಾಗಿ ಜಗಳವಾಡುವ ಮೀನು. 100 ಲೀಟರ್ ತೊಟ್ಟಿಗೆ ಒಂದೇ ಸಾಕು. ಅಲಂಕಾರಕ್ಕೆ ಹವಳ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆಯಿದೆ.

ನೀರಿನ ತಯಾರಿಕೆ

ಗಡಸು ಬೋರ್‌ವೆಲ್ ನೀರು ಇದಕ್ಕೆ ಹಿಡಿಸದು. ಶುದ್ಧ ಕುಡಿಯುವ ನೀರಿನ ಘಟಕದ ಆರ್.ಓ. ನೀರನ್ನು ಬಳಸಿ. ಅಡಿಗೆ ಉಪ್ಪಿನಲ್ಲಿ ಕಡಲ ನೀರಿನ ಇತರ ಲವಣಗಳಿಲ್ಲ. ಅಕ್ವೇರಿಯಂ ಅಂಗಡಿಯ ಸಮುದ್ರ ಲವಣ ಮಿಶ್ರಣವೇ ಬೇಕು. 100 ಲೀಟರಿಗೆ ಸುಮಾರು ಮೂರೂವರೆ ಕಿಲೋ ಕರಗಿಸಿ, ಹೈಡ್ರೋಮೀಟರಿನಲ್ಲಿ ಸಾಂದ್ರತೆ 1.023ರಿಂದ 1.025 ಇರುವಂತೆ ನೋಡಿಕೊಳ್ಳಿ. ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಚಳಿಗಾಲದ ರಾತ್ರಿಗಳಿಗೆ ಹೀಟರ್, ವಿದ್ಯುತ್ ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಅವಶ್ಯಕ.

ತೊಟ್ಟಿ ಹದಗೊಳಿಸುವುದು

ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೈಟ್, ಮುಂದೆ ನೈಟ್ರೇಟ್ ಆಗುವುದನ್ನು ನೀವು ಬಲ್ಲಿರಿ. ತೊಟ್ಟಿಯಲ್ಲೂ ಇದೇ ಕ್ರಿಯೆ ನಡೆಯಬೇಕು. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ಅದನ್ನು ಬದಲಾಯಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ಇನ್ನೂ ಬೆಳೆದಿರುವುದಿಲ್ಲ.

ಆದ್ದರಿಂದ ಶೋಧಕವನ್ನು ಸತತವಾಗಿ ನಡೆಸಿ, ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾದಿಂದ ಈ ಜೀವಿಗಳು ಬೆಳೆಯುತ್ತವೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಂಡಮೇಲೆಯೇ ಮೀನು ತನ್ನಿ.

ನಿತ್ಯದ ಆರೈಕೆ

ಮೀನಿನ ಚೀಲವನ್ನು ತೊಟ್ಟಿಯಲ್ಲಿ 20 ನಿಮಿಷ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಒಂದು ಗಂಟೆಯ ನಂತರ ಮೀನನ್ನು ಬಿಡಿ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದಕಾರಣ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಿಸಿ. ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ತೆಗೆದು ಹೊಸ ಉಪ್ಪುನೀರು ಹಾಕಿ.

ತೆಗೆದ ನೀರನ್ನು ಏನು ಮಾಡಬೇಕು?

ಅಂಥ 10 ಲೀಟರ್ ನೀರಿನಲ್ಲಿ ಸುಮಾರು 350 ಗ್ರಾಂ ಉಪ್ಪಿರುತ್ತದೆ. ಅದನ್ನು ಕೈತೋಟಕ್ಕಾಗಲಿ, ತೆಂಗಿನ ಬುಡಕ್ಕಾಗಲಿ, ಗೊಬ್ಬರದ ಗುಂಡಿಗಾಗಲಿ, ಕೆರೆಗೆ ಹರಿಯುವ ಕಾಲುವೆಗಾಗಲಿ ಸುರಿಯಬಾರದು. ಪ್ರತಿ ಬಾರಿಯೂ ಅದೇ ಜಾಗಕ್ಕೆ ಸುರಿದರೆ ಮಣ್ಣು ಸವಳಾಗುತ್ತದೆ. ತಾರಸಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ಒಣಕಸಕ್ಕೆ ಕೊಡಿ. ತೊಟ್ಟಿಯ ಮೀನಿಗಾಗಿ ಹಿತ್ತಲ ಮಣ್ಣು ಕೆಡದಿರಲಿ.