ಮುನ್ನೂರು ರೂಪಾಯಿ ಕುಂಬಳಕಾಯಿಗೆ ಐನೂರು ರೂಪಾಯಿ ಕಾವಲು

ಪ್ರಶ್ನೆ: ನಮ್ಮೂರು ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆ. ಮನೆಮಾತು ಕನ್ನಡ, ಹನ್ನೆರಡನೇ ತರಗತಿವರೆಗೆ ಓದಿದ್ದು ತಮಿಳಿನಲ್ಲಿ, ಆಮೇಲೆ ಸೇಲಂನಲ್ಲಿ ಕಂಪ್ಯೂಟರ್ ಬಿ.ಇ. ನಾಲ್ಕು ವರ್ಷದಿಂದ ಬೆಂಗಳೂರಿನ ಕಂಪನಿಯೊಂದರ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರಿನಲ್ಲಿ ಪಾಳಿ ಕೆಲಸ. ಅಪ್ಪ ಅಮ್ಮನ ಬಳೆ ಅಡವಿಟ್ಟು ಕೊಟ್ಟ ದುಡ್ಡಿನಲ್ಲಿ ಸಿಐಎಸ್‌ಎಸ್‌ಪಿ ಎಂಬ ಸೈಬರ್ ಭದ್ರತೆಯ ಪರೀಕ್ಷೆ ಬರೆದೆ. 118ನೇ ಪ್ರಶ್ನೆಗೆ ಕಂಪ್ಯೂಟರ್ ನಿಂತುಹೋಯಿತು. ಫೇಲ್. ಮನೆಯಲ್ಲಿ ‘ರಿಸಲ್ಟ್ ಇನ್ನೂ ಬಂದಿಲ್ಲ’ ಅಂದಿದ್ದೇನೆ. ಜೊತೆಯವನೊಬ್ಬ ‘ಇವೇ ನಿಜವಾದ ಪ್ರಶ್ನೆಗಳು’ ಎಂದು ಪಿಡಿಎಫ್ ಕಳಿಸಿದ್ದಾನೆ. ನನ್ನ ಇಂಗ್ಲಿಷ್ ಈ ಪರೀಕ್ಷೆಗೆ ಸಾಲದು ಅನ್ನಿಸುತ್ತಿದೆ. ಬಿಟ್ಟುಬಿಡಲೇ?

ಉತ್ತರ: ಆ 118 ನಿಮ್ಮನ್ನು ಕಾಡುತ್ತಿದೆ. ನನಗೆ ಮಾತ್ರ ನಿಮ್ಮ ಪತ್ರದಲ್ಲಿ ಸಮಾಧಾನ ಕೊಟ್ಟದ್ದು ಆ ಸಂಖ್ಯೆಯೇ. ಈ ಪರೀಕ್ಷೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಹಂಚುವುದಿಲ್ಲ. ನೀವು ಸರಿ ಉತ್ತರಿಸಿದರೆ ಮುಂದಿನದು ಬಿಗಿಯಾಗುತ್ತದೆ, ತಪ್ಪಿದರೆ ಸಡಿಲವಾಗುತ್ತದೆ. ಕನಿಷ್ಠ 100, ಗರಿಷ್ಠ 150 ಪ್ರಶ್ನೆ, ಮೂರು ಗಂಟೆ. ನೂರು ಮುಗಿದಾಗ ಯಂತ್ರಕ್ಕೆ ‘ಇವನು ಪಾಸು’ ಅಥವಾ ‘ಇವನು ಫೇಲು’ ಎಂದು ಶೇ 95ರಷ್ಟು ಖಾತ್ರಿಯಾದರೆ ಅಲ್ಲೇ ನಿಲ್ಲಿಸುತ್ತದೆ. ನಿಮ್ಮ ವಿಷಯದಲ್ಲಿ ನೂರಕ್ಕೆ ಅದಕ್ಕೆ ತೀರ್ಮಾನ ಸಿಗಲಿಲ್ಲ. ಇನ್ನೂ ಹದಿನೆಂಟು ಕೇಳಿ ನೋಡಿತು. ಏನೂ ಗೊತ್ತಿಲ್ಲದವರ ಲಕ್ಷಣ ಇದಲ್ಲ, ಗೆರೆಯ ಅಂಚಿನಲ್ಲಿ ನಿಂತವರದು.

ಸೋತವರಿಗೆ ಕೊಡುವ ಹಾಳೆಯಲ್ಲಿ ಎಂಟು ವಿಭಾಗಗಳಲ್ಲಿ ಎಲ್ಲಿ ಮಟ್ಟಕ್ಕಿಂತ ಮೇಲೆ, ಎಲ್ಲಿ ಹತ್ತಿರ, ಎಲ್ಲಿ ಕೆಳಗೆ ಎಂದಿರುತ್ತದೆ. ನೀವು ಲಗತ್ತಿಸಿದ ಪ್ರತಿ ನೋಡಿದೆ. ದಿನವೂ ಕೈಯಾಡಿಸುವ ಸೆಕ್ಯೂರಿಟಿ ಆಪರೇಷನ್ಸ್‌ನಲ್ಲಿ ನೀವು ಮೇಲಿದ್ದೀರಿ. ಕೆಳಗಿರುವುದು ರಿಸ್ಕ್ ಮ್ಯಾನೇಜ್‌ಮೆಂಟ್ ಮತ್ತು ಸಾಫ್ಟ್‌ವೇರ್ ಡೆವಲಪ್‌ಮೆಂಟ್. ಮೊದಲನೆಯದಕ್ಕೆ ಶೇ 16, ಎಂಟರಲ್ಲಿ ಅತಿ ಹೆಚ್ಚಿನ ತೂಕ. ಎರಡನೆಯದಕ್ಕೆ ಶೇ 10. ಹಾಗಾಗಿ ಮುಂದಿನ ತಿಂಗಳುಗಳ ಹೊತ್ತು ಎಲ್ಲಿ ಸುರಿಯಬೇಕೆಂದು ಬೇರೆ ಯಾರನ್ನೂ ಕೇಳಬೇಕಿಲ್ಲ.

ಇನ್ನು ಇಂಗ್ಲಿಷಿನ ಮಾತು. ಆ ಪರೀಕ್ಷೆ ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ, ನಿಜ. ಆದರೆ ರಾತ್ರಿ ಪಾಳಿಯಲ್ಲಿ ಇಂಗ್ಲಿಷಿನಲ್ಲೇ ವರದಿ ಬರೆಯುವ ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ತೊಡಕು ಬೇರೆ ಕಡೆ ಇದೆ. ನೀವು ‘ತಪ್ಪು ಉತ್ತರ ಕೊಟ್ಟೆ’ ಎಂದು ನೆನಪಿಸಿಕೊಂಡದ್ದು ಅಭ್ಯಾಸ ಪರೀಕ್ಷೆಯ ಒಂದು ಪ್ರಶ್ನೆ. ಅದರ ಸಾರ ಇಷ್ಟು: ಕಂಪನಿಯ ಮೇಲೆ ದಾಳಿಗಳು ಹೆಚ್ಚಿವೆ, ಹೊಸ ಫೈರ್‌ವಾಲ್ ಬೇಕೆಂದು ಆಡಳಿತ ಕೇಳುತ್ತಿದೆ, ನೀವು ‘ಫಸ್ಟ್’ ಏನು ಮಾಡುತ್ತೀರಿ? ನೀವು ಫೈರ್‌ವಾಲ್‌ಗಳ ಗುಣ ಹೋಲಿಸುವ ಉತ್ತರ ಗುರುತಿಸಿದಿರಿ. ಅದು ತಂತ್ರಜ್ಞನ ಉತ್ತರ. ಕೇಳಿದ್ದು ಕಾಪಾಡಬೇಕಾದದ್ದು ಏನು, ಅದರ ಬೆಲೆಯೆಷ್ಟು, ಅಪಾಯ ಎಲ್ಲಿಂದ ಎಂದು ಮೊದಲು ಅಳೆಯುವವನ ಉತ್ತರವನ್ನು. ಫಸ್ಟ್, ಬೆಸ್ಟ್, ಮೋಸ್ಟ್, ಲೀಸ್ಟ್ ಎಂಬ ನಾಲ್ಕು ಪುಟ್ಟ ಪದಗಳ ಮೇಲೆ ಈ ಪರೀಕ್ಷೆಯ ಅರ್ಧ ಪ್ರಶ್ನೆಗಳು ನಿಂತಿವೆ ಎಂದರೆ ಸ್ವಲ್ಪ ಉತ್ಪ್ರೇಕ್ಷೆ, ಪೂರ್ತಿ ಸುಳ್ಳಲ್ಲ. ನಾಲ್ಕು ಆಯ್ಕೆಗಳಲ್ಲಿ ಮೂರು ಸರಿಯಾಗಿಯೇ ಇರಬಹುದು. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ಈ ಲೆಕ್ಕಾಚಾರವನ್ನು ಮನೆಮಾತಿನಲ್ಲಿ ಮಾಡಿ ನೋಡಿ. ಸೇಲಂನಲ್ಲಿ ಒಂದು ಬಟ್ಟೆ ಅಂಗಡಿ ಇದೆ ಎಂದುಕೊಳ್ಳೋಣ. ಬಿಲ್ಲಿಂಗ್ ವ್ಯವಸ್ಥೆಯ ಬೆಲೆ 10 ಲಕ್ಷ ರೂಪಾಯಿ. ಒಂದು ದಾಳಿಯಾದರೆ ಅದರ ಶೇ 30 ಹಾಳಾಗುತ್ತದೆ, ಅಂದರೆ ಒಂದು ಸಲಕ್ಕೆ 3 ಲಕ್ಷ ನಷ್ಟ. ಅಂಥದ್ದು ಹತ್ತು ವರ್ಷಕ್ಕೊಮ್ಮೆ ಆಗಬಹುದು. ವರ್ಷಕ್ಕೆ ಹಂಚಿದರೆ 30 ಸಾವಿರ. ವರ್ಷಕ್ಕೆ 50 ಸಾವಿರ ಕೊಟ್ಟರೆ ರಕ್ಷಣೆ ಕೊಡುತ್ತೇವೆ ಎಂದು ಒಬ್ಬ ಬರುತ್ತಾನೆ. ಪುಸ್ತಕದಲ್ಲಿ ಇದಕ್ಕೆ ಎಸ್‌ಎಲ್‌ಇ, ಎಆರ್‌ಒ, ಎಎಲ್‌ಇ ಎಂದು ಅಕ್ಷರಗಳ ಸಂತೆ. ನಿಮ್ಮ ತಾಯಿಗೆ ಹೇಳಿದರೆ ‘ಮುನ್ನೂರು ರೂಪಾಯಿ ಕುಂಬಳಕಾಯಿಗೆ ಐನೂರು ರೂಪಾಯಿ ಕಾವಲುಗಾರನಾ?’ ಎಂದು ಕೇಳಿಯಾರು. ಸೂತ್ರ ಮುಗಿಯಿತು. ದಿನಕ್ಕೊಂದು ಪರಿಕಲ್ಪನೆಯನ್ನು ಫೋನಿನಲ್ಲಿ ಅವರಿಗೆ ಕನ್ನಡದಲ್ಲಿ ವಿವರಿಸಿ. ಅವರು ಮತ್ತೊಂದು ಪ್ರಶ್ನೆ ಕೇಳಿ ನೀವು ತಡವರಿಸಿದರೆ, ಅದು ನಿಮಗಿನ್ನೂ ತಿಳಿದಿಲ್ಲ.

ಆಮೇಲೆ ಇಂಗ್ಲಿಷ್ ಪ್ರಶ್ನೆಗೆ ಬನ್ನಿ. ಕೊನೆಯ ವಾಕ್ಯವನ್ನು ಮೊದಲು ಓದಿ, ನಿಮ್ಮನ್ನು ಯಾರ ಜಾಗದಲ್ಲಿ ನಿಲ್ಲಿಸಿದ್ದಾರೆ ಎಂದು ನೋಡಿ, ಆಯ್ಕೆಗಳಿಗೆ ಕೈ ಅಡ್ಡ ಹಿಡಿದು ಉತ್ತರ ನೀವೇ ಹೇಳಿಕೊಳ್ಳಿ. ಬಿಟ್ಟು ಮುಂದೆ ಹೋಗಿ ಮತ್ತೆ ಹಿಂದಿರುಗುವ ಅವಕಾಶ ಈ ಪರೀಕ್ಷೆಯಲ್ಲಿಲ್ಲ. 150 ಬಂದರೂ ಒಂದೊಂದಕ್ಕೆ 72 ಸೆಕೆಂಡ್. ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ. ರಾತ್ರಿ ಪಾಳಿಯ ವಾರ ಪುಸ್ತಕ ಮುಟ್ಟಬೇಡಿ, ಮಲಗಿ. ತೂಕಡಿಸುತ್ತ ಓದಿದ ನಲವತ್ತು ಪುಟ ಲೆಕ್ಕಕ್ಕಿಲ್ಲ.

ನೀವು ಐದು ಪುಸ್ತಕ ಕೊಂಡಿದ್ದೀರಿ, ಎರಡನ್ನು ತೆರೆದೇ ಇಲ್ಲ. ನಿಮ್ಮೂರಿಗೆ ಹೆಸರು ಕೊಟ್ಟ ಅದಿಯಮಾನ್ ಕುಲದ ದೊರೆ ನೆಡುಮಾನ್ ಅಂಜಿಯ ಪರವಾಗಿ ಕವಯಿತ್ರಿ ಔವೈಯಾರ್ ತೊಂಡೈಮಾನ್ ದೊರೆಯ ಬಳಿ ಹೋದ ಕತೆಯನ್ನು ನೀವು ತಮಿಳು ಪಾಠದಲ್ಲೇ ಓದಿರುತ್ತೀರಿ. ತೊಂಡೈಮಾನ್ ತನ್ನ ಆಯುಧಾಗಾರ ತೋರಿಸಿ ಬೀಗಿದನಂತೆ. ನಿನ್ನವು ತುಪ್ಪ ಸವರಿಕೊಂಡು ಹೊಳೆಯುತ್ತಿವೆ, ನಮ್ಮವನವು ಬಳಸಿ ಬಳಸಿ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿ ಬಿದ್ದಿವೆ ಎಂದು ಹೊಗಳಿದಂತೆ ತೆಗಳಿ ಬಂದಳಾಕೆ. ಒಂದು ಪುಸ್ತಕ ಸಾಕು. ಹರಿದುಹೋಗಲಿ.

ಪಿಡಿಎಫ್ ವಿಷಯದಲ್ಲಿ ನನಗೆ ಮೃದುವಾಗಿ ಮಾತಾಡಲು ಬರುವುದಿಲ್ಲ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂಬ ಒಪ್ಪಂದಕ್ಕೆ ಒಪ್ಪಿದ ಮೇಲೆಯೇ ನಿಮಗೆ ಪರೀಕ್ಷೆ ತೆರೆದುಕೊಂಡದ್ದು. ಅದನ್ನು ಮುರಿದವರ ಫಲಿತಾಂಶವನ್ನು ರದ್ದು ಮಾಡುವ ಅಧಿಕಾರ ಪರೀಕ್ಷೆ ನಡೆಸುವ ಐಎಸ್‌ಸಿ2 ಸಂಸ್ಥೆಗಿದೆ. ಅದರ ನೀತಿಸಂಹಿತೆಯ ನಾಲ್ಕು ಸೂತ್ರಗಳಲ್ಲಿ ಮೊದಲನೆಯದು ಸಮಾಜದ ಹಿತ, ಎರಡನೆಯದು ಪ್ರಾಮಾಣಿಕತೆ, ಕೆಲಸ ಕೊಟ್ಟವರ ಸೇವೆ ಬರುವುದು ಮೂರನೆಯದಾಗಿ. ಈ ಕ್ರಮದ ಮೇಲೂ ಪ್ರಶ್ನೆ ಬರುತ್ತದೆ. ಕದ್ದ ಪ್ರಶ್ನೆ ಓದಿ ಅದಕ್ಕೆ ಉತ್ತರಿಸುವುದು ತಮಾಷೆಯಾಗಿರುತ್ತದೆ. ಅಲ್ಲದೆ ಇಂಥ ಕಡತಗಳ ಉತ್ತರಗಳಿಗೆ ಜವಾಬುದಾರರು ಯಾರೂ ಇಲ್ಲ. ತಪ್ಪು ಉತ್ತರ ಬಾಯಿಪಾಠ ಮಾಡಿದರೆ ಬಡ್ಡಿ ಕಟ್ಟುವವರು ನಿಮ್ಮ ಅಪ್ಪ.

ದುಡ್ಡಿನ ಮಾತು ಬಂದಿತಲ್ಲ. ಶುಲ್ಕ 749 ಡಾಲರ್. ಮೊದಲ ಸಲ ಸೋತವರು 30 ದಿನ ಕಾದು ಮತ್ತೆ ಬರೆಯಬಹುದು, ಎರಡನೆಯದರ ನಂತರ 60 ದಿನ. ಬರೆಯಬಹುದು ಎಂದ ಮಾತ್ರಕ್ಕೆ ಮೂವತ್ತೊಂದನೇ ದಿನಕ್ಕೇ ಬರೆಯಬೇಕಿಲ್ಲ. ನಾಲ್ಕು ತಿಂಗಳು ತೆಗೆದುಕೊಳ್ಳಿ. ಇನ್ನೊಂದು ಒಡವೆಗೆ ಕೈಹಾಕುವ ಮೊದಲು, ಪಾಸಾದರೆ ಶುಲ್ಕ ಮರಳಿಸುತ್ತಾರೆಯೇ ಎಂದು ನಿಮ್ಮ ಕಂಪನಿಯಲ್ಲಿ ಕೇಳಿ. ಪ್ರಮಾಣಪತ್ರಕ್ಕೆ ಬೇಕಾದ ಅನುಭವದ ಬಗ್ಗೆ ನಿಮಗಿರುವ ಹೆದರಿಕೆಗೆ ಆಧಾರವಿಲ್ಲ: ಐದು ವರ್ಷ ಬೇಕು, ಕಂಪ್ಯೂಟರ್ ಪದವಿಗೆ ಒಂದು ವರ್ಷದ ರಿಯಾಯಿತಿ ಇದೆ, ನಿಮ್ಮ ನಾಲ್ಕು ವರ್ಷದ ಕೆಲಸ ಎಂಟರಲ್ಲಿ ಎರಡು ವಿಭಾಗಗಳನ್ನಾದರೂ ಮುಟ್ಟಿದ್ದರೆ ಆಯಿತು. ಒಂದು ವೇಳೆ ಸಾಲದಿದ್ದರೂ ಪಾಸಾದವರು ‘ಅಸೋಸಿಯೇಟ್’ ಆಗಿ ಆರು ವರ್ಷದೊಳಗೆ ಅನುಭವ ತುಂಬಿಕೊಳ್ಳಬಹುದು.

ಒಂದು ಸಣ್ಣ ವಿಷಯ, ನಮ್ಮ ಕಡೆಯವರಿಗೇ ಕಾಡುವಂಥದ್ದು: ಇನಿಷಿಯಲ್. ಒಂದು ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದಕ್ಷರ, ಇನ್ನೊಂದರಲ್ಲಿ ಪೂರ್ತಿ ಹೆಸರು, ಮತ್ತೊಂದರಲ್ಲಿ ಹಿಂದುಮುಂದು. ನೋಂದಣಿಯ ಹೆಸರು ನೀವು ಒಯ್ಯುವ ಗುರುತುಪತ್ರದೊಂದಿಗೆ ಅಕ್ಷರಶಃ ಹೊಂದಬೇಕು. ಬಾಗಿಲಲ್ಲಿ ತಡೆದ ಮೇಲೆ ಸರಿಪಡಿಸಹೊರಟರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಊರಿನಿಂದ ಹಿಂದಿನ ರಾತ್ರಿಯ ಬಸ್ಸು ಹತ್ತಿ ಅತ್ತಿಬೆಲೆ, ಸಿಲ್ಕ್ ಬೋರ್ಡ್ ದಾಟಿ ನೇರ ಪರೀಕ್ಷೆಗೆ ಕೂರುವ ಸಾಹಸವೂ ಬೇಡ. ಹಿಂದಿನ ದಿನ ಬೆಂಗಳೂರಿನಲ್ಲೇ ಉಳಿದುಕೊಳ್ಳಿ. ಅಮ್ಮ ಕಾಲಭೈರವನಿಗೆ ಬೂದುಗುಂಬಳದ ದೀಪ ಹಚ್ಚುತ್ತೇನೆ ಎಂದರೆ ಹಚ್ಚಲಿ, ಅದಕ್ಕೆ ನೀವು ಜೊತೆಗಿರಲೇಬೇಕೆಂದಿಲ್ಲ.

ಉಳಿದದ್ದು ನಿಮ್ಮ ಸುಳ್ಳು. ಈ ಪರೀಕ್ಷೆಯ ಫಲಿತಾಂಶವನ್ನು ಕೇಂದ್ರದಿಂದ ಹೊರಡುವ ಮುಂಚೆಯೇ ಕೈಗೆ ಕೊಡುತ್ತಾರೆ. ಪಕ್ಕದ ಮನೆಯ ಹುಡುಗ ಯಾರಾದರೂ ಹುಡುಕಿ ನೋಡಿ ನಿಮ್ಮ ಅಪ್ಪನಿಗೆ ಹೇಳಲು ಎರಡು ನಿಮಿಷ ಸಾಕು. ಅವರಿಗೆ ಅದು ನಿಮ್ಮ ಬಾಯಿಂದಲೇ ಗೊತ್ತಾಗಲಿ. ಈ ಶನಿವಾರ ಊರಿಗೆ ಹೋಗುತ್ತೇನೆ ಎಂದು ಬರೆದಿದ್ದೀರಿ, ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ.